ಮರಳಿಗೆ ನೀರು ಹಾಕುವ ದೊಡ್ಡಮ್ಮ

ನನ್ನ ದೊಡ್ಡಮ್ಮನಿಗೆ ಈಗ ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಮ್ಮಮ್ಮ ಮೊದಲು ನಕ್ಕು ಆಮೇಲೆ ಹೇಳುತ್ತಾಳೆ. ದೊಡ್ಡಪ್ಪ ನಗುವುದಿಲ್ಲ. ಮುಖ ಗಂಭೀರವಾಗಿಟ್ಟುಕೊಂಡು, "ಸಮುದ್ರದ ಪಕ್ಕ ನಿಂತ್ಕೊಂಡು ಮರಳಿಗೆ ನೀರು ಹಾಕ್ತಾಳೆ. ಸಮುದ್ರ ಒಂದರ ಕೈಲಿ ಆಗ್ತಿಲ್ಲ ಅಂತ ಇವಳನ್ನೂ ಸೇರಿಸ್ಕೊಂಡಿದಾರೆ," ಎನ್ನುತ್ತಾರೆ. ದೊಡ್ಡಪ್ಪ ಶಾಲೆಯ ವ್ಯಾನು ಓಡಿಸುತ್ತಾರೆ. ಅದಕ್ಕೆ ದೊಡ್ಡಮ್ಮ ಅಡುಗೆಮನೆಯಿಂದಲೇ, "ನಿಮ್ಮ ವ್ಯಾನಿನ ಮಕ್ಕಳಿಗಿಂತ ನನ್ನ ಮರಳೇ ವಾಸಿ, ಹೇಳಿದ ಮಾತು ಕೇಳುತ್ತೆ," ಎಂದು ಉತ್ತರ ಕೊಡುತ್ತಾಳೆ.

ಮರಳು ಅವಳ ಮಾತು ಕೇಳದೆ ಹೋದ ಒಂದು ದಿನ ನಾನು ಅಲ್ಲಿದ್ದೆ. ಅದನ್ನೇ ಬರೆಯುತ್ತಿದ್ದೇನೆ. ನಾನು ನೋಡದೆ ಇದ್ದ ಸಂಗತಿಗಳನ್ನು ದೊಡ್ಡಮ್ಮನ ಹತ್ತಿರ ಎರಡೆರಡು ಸಲ ಕೇಳಿ ತಿಳಿದುಕೊಂಡಿದ್ದೇನೆ.

ದೊಡ್ಡಮ್ಮ ಇಪ್ಪತ್ತೆರಡು ವರ್ಷ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಇಸ್ತ್ರಿ ಮಾಡಿದವಳು. ಚಿಕ್ಕವಳಿದ್ದಾಗ ನಾನು ಎರಡು ಮೂರು ಸಲ ಅಲ್ಲಿಗೆ ಹೋಗಿದ್ದೆ. ಕಿಟಕಿಯಿಲ್ಲದ ಉದ್ದನೆಯ ಕೋಣೆ. ಒಂದು ಕಡೆ ಒಗೆಯುವ ಯಂತ್ರಗಳ ಗಡಗಡ, ಇನ್ನೊಂದು ಕಡೆ ಸಾಲಾಗಿ ಇಸ್ತ್ರಿ ಮೇಜುಗಳು. ಮೇಜಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಅಲ್ಲಲ್ಲಿ ಸುಟ್ಟ ಕಲೆಯಿದ್ದ ಬಿಳಿ ಬಟ್ಟೆ. ಬೆಡ್‌ಶೀಟು, ದಿಂಬಿನ ಚೀಲ, ಮೇಜಿನ ಹಾಸು ಎಲ್ಲ ಸೇರಿ ದಿನಕ್ಕೆ ಮುನ್ನೂರು. ಬಟ್ಟೆ ತೀರಾ ಒಣಗಿದ್ದರೆ ಸುಕ್ಕು ಹೋಗುವುದಿಲ್ಲ. ಆಗ ದೊಡ್ಡಮ್ಮ ಬಟ್ಟಲಿನಲ್ಲಿ ಬೆರಳು ಅದ್ದಿ ಒಂದೇ ಸಲ ಕೊಡವುತ್ತಿದ್ದಳು. ಬೆಡ್‌ಶೀಟಿನ ಈ ತುದಿಯಿಂದ ಆ ತುದಿಯವರೆಗೆ ಹನಿಗಳು ಸಮನಾಗಿ ಬೀಳುತ್ತಿದ್ದವು, ಯಾರೋ ಅಳೆದು ಚುಕ್ಕಿ ಇಟ್ಟ ಹಾಗೆ. ಹಠ ಹಿಡಿದ ಸುಕ್ಕು ಕಂಡರೆ ಅದಕ್ಕೆ ಮಾತ್ರ ಇನ್ನೊಂದು ಸಲ ನೀರು.

ಹೋಟೆಲಿನವರು ಬಟ್ಟೆಗಳನ್ನು ಹೊರಗೆ ಕೊಡಲು ಶುರು ಮಾಡಿದ ಮೇಲೆ ಆ ಕೋಣೆಗೆ ಬೀಗ ಬಿತ್ತು. ದೊಡ್ಡಮ್ಮ ಒಂದು ವರ್ಷ ಮನೆಯಲ್ಲಿ ಕೂತಳು. ಕೂತಳು ಎನ್ನುವುದು ಮಾತಿಗೆ. ಮನೆಯ ಪರದೆ, ಟವೆಲು, ಕೊನೆಗೆ ನೆಲ ಒರೆಸುವ ಬಟ್ಟೆಗೂ ಇಸ್ತ್ರಿ ಮಾಡಿದಳು. "ನೋಡಮ್ಮ, ನನ್ನ ಕಾಲುಚೀಲಕ್ಕೆಲ್ಲ ಗೆರೆ ಬಂದಿದೆ, ವ್ಯಾನಿನ ಮಕ್ಕಳು ನಗ್ತಾವೆ," ಎಂದು ದೊಡ್ಡಪ್ಪ ನಮ್ಮಮ್ಮನ ಮುಂದೆ ದೂರು ಹೇಳಿದ್ದು ನನಗೆ ನೆನಪಿದೆ.

ನಮ್ಮೂರಿನ ಕಡಲ ತೀರದಲ್ಲಿ ಪ್ರತಿ ವರ್ಷ ಮಳೆಯಿಲ್ಲದ ಎರಡು ತಿಂಗಳು ಮರಳು ಶಿಲ್ಪಗಳ ಪ್ರದರ್ಶನ ನಡೆಯುತ್ತದೆ. ತಗಡಿನ ಬೇಲಿ ಹಾಕಿ, ಟಿಕೆಟ್ ಇಟ್ಟು, ಒಳಗೆ ನಡೆದಾಡಲು ಹಲಗೆಯ ದಾರಿ ಮಾಡಿರುತ್ತಾರೆ. ಆ ಬೇಲಿಯ ಮೇಲೆ, ನೀರು ಹಾಕುವವರು ಬೇಕಾಗಿದ್ದಾರೆ ಎಂದು ಒಂದು ದಿನ ಬರೆದು ಹಾಕಿದ್ದರು. ದೊಡ್ಡಮ್ಮ ಹೋಗಿ ಕೇಳಿದಳು. ಶಿಲ್ಪಿಗಳ ತಂಡಕ್ಕೆ ಮುಖ್ಯಸ್ಥೆ ಮೂವತ್ತೈದರ ಆಸುಪಾಸಿನ ಒಬ್ಬ ಹೆಂಗಸು. ಅವರನ್ನು ಎಲ್ಲರೂ ಮೇಸ್ತ್ರಮ್ಮ ಎನ್ನುತ್ತಾರೆ. ಅವರು ನೆಲದ ಮೇಲೆ ಹಳೆಯ ಪೇಪರು ಹಾಸಿ, "ಇದರ ಮೇಲೆ ನೀರು ಹಾಕಿ ಅಕ್ಕ. ಎಲ್ಲ ಕಡೆ ಒದ್ದೆ ಆಗ್ಬೇಕು. ಆದ್ರೆ ಎರಡು ಹನಿ ಸೇರಿ ಹರೀಬಾರ್ದು," ಎಂದರಂತೆ. ಮುಂಚೆ ಬಂದಿದ್ದ ನಾಲ್ವರು ಪೇಪರನ್ನು ಮುದ್ದೆ ಮಾಡಿಟ್ಟು ಹೋಗಿದ್ದರು. ದೊಡ್ಡಮ್ಮ ಅವರು ಕೊಟ್ಟ ನೀರು ಸಿಂಪಡಿಸುವ ಪಂಪನ್ನು ಪಕ್ಕಕ್ಕಿಟ್ಟು ಬೆರಳು ಅದ್ದಿ ಕೊಡವಿದಳು. ಮೇಸ್ತ್ರಮ್ಮ ಬಗ್ಗಿ ಪೇಪರನ್ನು ಬೆಳಕಿಗೆ ಹಿಡಿದು ನೋಡಿದರು. "ನಾಳೆ ಆರು ಗಂಟೆಗೆ ಬಂದುಬಿಡಿ," ಎಂದರು. ಅವತ್ತಿನಿಂದ ಅಲ್ಲಿ ದೊಡ್ಡಮ್ಮನ ಹೆಸರು ಇಸ್ತ್ರಿ ಅಕ್ಕ.

ಇದು ಅವಳ ಎರಡನೆಯ ವರ್ಷ. ಪ್ರದರ್ಶನ ಮುಗಿದ ಮೇಲೆ ಶಿಲ್ಪಿಗಳು ಬೇರೆ ಊರಿಗೆ ಹೋಗಿ ಅಲ್ಲಿನ ತೀರದಲ್ಲಿ ಮತ್ತೊಂದು ಪ್ರದರ್ಶನ ಕಟ್ಟುತ್ತಾರೆ. ಇಲ್ಲಿಯ ಕೆಲಸಗಾರರಲ್ಲಿ ಇಬ್ಬರನ್ನು ಮಾತ್ರ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ದೊಡ್ಡಮ್ಮ ಹುಟ್ಟಿದಾಗಿನಿಂದ ಈ ಊರು ಬಿಟ್ಟು ಹೋದವಳಲ್ಲ. ಈ ಸಲ ತನ್ನನ್ನು ಕರೆದಾರು ಎಂಬ ಆಸೆ ಅವಳಿಗೆ ಬಲವಾಗಿ ಹತ್ತಿಕೊಂಡಿತ್ತು. ಅಟ್ಟದಿಂದ ಬ್ಯಾಗು ಇಳಿಸಿ ಜಿಪ್ ಸರಿ ಮಾಡಿಸಿದ್ದಳು. ಯಾರಾದರೂ ಕೇಳಿದರೆ, "ಜಿಪ್ ಹಾಳಾಗಿತ್ತು, ಸರಿ ಮಾಡಿಸ್ದೆ, ಅಷ್ಟೇ," ಎನ್ನುತ್ತಿದ್ದಳು. ಆ ಇಬ್ಬರು ಯಾರೆಂದು ಮೇಸ್ತ್ರಮ್ಮ ಹೇಳುವ ದಿನವೇ ಅವಳು ನನ್ನನ್ನು ಪ್ರದರ್ಶನ ನೋಡಲು ಕರೆದಳು. ಒಬ್ಬಳೇ ಕಾಯುವುದು ಅವಳಿಗೆ ಆಗಿರಲಿಲ್ಲ ಎಂದು ಈಗ ಅನಿಸುತ್ತದೆ.

ನಾವು ಹೋದಾಗ ಬಾಗಿಲು ಇನ್ನೂ ತೆರೆದಿರಲಿಲ್ಲ. ದೊಡ್ಡಮ್ಮ ರಬ್ಬರ್ ಬೂಟು ಹಾಕಿಕೊಂಡಳು, ತಲೆಗೆ ಬಟ್ಟೆ ಕಟ್ಟಿಕೊಂಡಳು, ಪಂಪಿಗೆ ನೀರು ತುಂಬಿ ಬೆನ್ನಿಗೇರಿಸಿದಳು. ಪಂಪಿನ ಮೂತಿಯನ್ನು ನಾಲಿಗೆಗೆ ಮುಟ್ಟಿಸಿ ನೋಡಿದ್ದು ಕಂಡು ನಾನು ಯಾಕೆಂದು ಕೇಳಿದೆ.

"ಉಪ್ಪು ಕೂತಿದ್ರೆ ಹನಿ ದಪ್ಪ ಬೀಳುತ್ತೆ ಪುಟ್ಟಿ. ಕಣ್ಣಿಗೆ ಕಾಣಲ್ಲ, ನಾಲಿಗೆಗೆ ಗೊತ್ತಾಗುತ್ತೆ."

ಒಳಗೆ ಹೋದೆವು. ಈ ವರ್ಷ ಅವರು ಒಂದು ಬೀದಿಯನ್ನೇ ಮಾಡಿದ್ದರು. ರಾಜರಿಲ್ಲ, ಕೋಟೆಯಿಲ್ಲ. ಕ್ಷೌರಿಕನ ಅಂಗಡಿ, ಅಲ್ಲಿ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ನಿದ್ದೆ ಹೋಗಿರುವ ದಪ್ಪ ಗಿರಾಕಿ. ಬೆಂಚಿನ ಮೇಲೆ ಕೂತು ಚಪ್ಪಲಿ ಕಳಚಿ ಪಾದ ಒತ್ತಿಕೊಳ್ಳುತ್ತಿರುವ ಹೆಂಗಸು. ಒಂದು ಇಡೀ ಬಸ್ಸು. ಅದರ ಕಿಟಕಿಗಳಲ್ಲಿ ಒಂಬತ್ತು ಮುಖ, ಒಂದರಂತೆ ಇನ್ನೊಂದಿಲ್ಲ. ಒಬ್ಬ ಆಕಳಿಸುತ್ತಿದ್ದ, ಅವನ ಪಕ್ಕದವಳಿಗೂ ಆಗಲೇ ಬಾಯಿ ತೆರೆಯಲು ಶುರುವಾಗಿತ್ತು. ಎಲ್ಲವೂ ಮರಳು. ಒಳಗೆ ಕೋಲಿಲ್ಲ, ತಂತಿಯಿಲ್ಲ.

ಇದನ್ನು ಮಾಡುವ ರೀತಿಯನ್ನು ದೊಡ್ಡಮ್ಮ ನನಗೆ ವಿವರಿಸಿದಳು. ತೀರದ ಮರಳು ಇದಕ್ಕೆ ಬರುವುದಿಲ್ಲ. ಅಲೆಗೆ ಉರುಳಿ ಉರುಳಿ ಅದರ ಕಣ ಗುಂಡಗಾಗಿರುತ್ತದೆ, ಒಂದರ ಮೇಲೊಂದು ನಿಲ್ಲುವುದಿಲ್ಲ. ಅದಕ್ಕಾಗಿ ಮೂಲೆಗಳಿರುವ ಒರಟು ಮರಳನ್ನು ಲಾರಿಯಲ್ಲಿ ತರಿಸುತ್ತಾರೆ. ಹಲಗೆಯ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು, ಮರಳು ಸುರಿದು, ನೀರು ಹೊಯ್ದು ದಿಮ್ಮಿಯಿಂದ ಬಡಿಯುತ್ತಾರೆ. ಆಮೇಲೆ ಮೇಲಿನ ಪೆಟ್ಟಿಗೆ ಬಿಚ್ಚಿ ಕೆತ್ತಲು ಶುರು. ಮೇಲಿನದು ಪೂರ್ತಿ ಮುಗಿಯದೆ ಕೆಳಗಿನದನ್ನು ಬಿಚ್ಚುವಂತಿಲ್ಲ. ಕೆಳಗೆ ಇಳಿದ ಮೇಲೆ ಮತ್ತೆ ಮೇಲಿನದನ್ನು ಮುಟ್ಟುವಂತಿಲ್ಲ. ಎಲ್ಲ ಮುಗಿದ ಮೇಲೆ ಅಂಟು ಬೆರೆಸಿದ ನೀರನ್ನು ಸಿಂಪಡಿಸುತ್ತಾರೆ. ಅದು ಒಣಗಿ ತೆಳ್ಳನೆಯ ಸಿಪ್ಪೆಯಾಗುತ್ತದೆ. ಗಾಳಿಗೆ ಆ ಸಿಪ್ಪೆ ಸೀಳದಂತೆ ದಿನಕ್ಕೆ ಮೂರು ಸಲ, ಒಂದು ಉಸಿರಿನಷ್ಟು ಹೊತ್ತು, ಮಂಜಿನ ಹಾಗೆ ನೀರು ಹಾಕಬೇಕು. ಅದು ದೊಡ್ಡಮ್ಮನ ಕೆಲಸ.

ಅವಳು ಹಾಕುವುದನ್ನು ನೋಡುವುದೇ ಒಂದು ಪ್ರದರ್ಶನ. ಉಸಿರು ಒಳಗೆಳೆದುಕೊಂಡು ಹಿಡಿ ಒತ್ತುತ್ತಾಳೆ, ಉಸಿರು ಬಿಟ್ಟು ಮುಗಿಸುವುದರೊಳಗೆ ಕ್ಷೌರಿಕನ ತಲೆಯಿಂದ ಕಾಲಿನವರೆಗೆ ಬಣ್ಣ ಒಂದಿಷ್ಟೇ ಕಪ್ಪಾಗಿರುತ್ತದೆ. ಒಂದು ಹನಿ ಕೆಳಗಿಳಿಯುವುದಿಲ್ಲ. ಬಸ್ಸಿನ ಒಂಬತ್ತು ಜನರಿಗೂ ಒಂದೊಂದು ಮಾತು ಹೇಳುತ್ತಾ ಹೋದಳು. ಆಕಳಿಸುವವನಿಗೆ, "ನಿನ್ನಿಂದ ಎಲ್ಲರಿಗೂ ನಿದ್ದೆ," ಎಂದಳು.

ಬೀದಿಯ ಕೊನೆಯಲ್ಲಿ ಒಂದು ಮನೆ, ಮನೆಗೆ ಬಾಲ್ಕನಿ, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದ ಹಗ್ಗ. ಅದರಲ್ಲಿ ಒಂದು ಅಂಗಿ, ಎರಡು ಕಾಲುಚೀಲ, ಮತ್ತೆ ಒಂದು ದೊಡ್ಡ ಬೆಡ್‌ಶೀಟು. ಬೆಡ್‌ಶೀಟಿನ ಬೆನ್ನು ಹಿಂದಿನ ಗೋಡೆಗೆ ಅಂಟಿಕೊಂಡಿತ್ತು, ಕೆಳಗಿನ ಅರ್ಧ ಮಾತ್ರ ಗೋಡೆ ಬಿಟ್ಟು ಗಾಳಿಗೆ ಉಬ್ಬಿದಂತಿತ್ತು. ದಪ್ಪ ಮೂರು ಬೆರಳು. ಅದರ ಮಡಿಕೆಗಳನ್ನು ಮೇಸ್ತ್ರಮ್ಮನೇ ಐದು ದಿನ ಕೂತು ಕೆತ್ತಿದ್ದರಂತೆ. ನಾನು ಹತ್ತಿರ ಹೋಗಿ ನೋಡಿದೆ. ಹಿಂಡಿದ ಬಟ್ಟೆಯನ್ನು ಕೊಡವಿ ಒಣಹಾಕಿದಾಗ ಉಳಿಯುವ ಸಣ್ಣ ಸುಕ್ಕುಗಳು ಕೂಡ ಇದ್ದವು.

"ಇಪ್ಪತ್ತೆರಡು ವರ್ಷ ಸುಕ್ಕು ತೆಗೆದೆ, ಯಾರೂ ತಿರುಗಿ ನೋಡ್ಲಿಲ್ಲ," ಎಂದಳು ದೊಡ್ಡಮ್ಮ. "ಇಲ್ಲಿ ಸುಕ್ಕು ನೋಡೋಕೆ ಟಿಕೆಟ್ ತಗೊಂಡು ಬರ್ತಾರೆ."

ಹಾಗೆ ಹೇಳುತ್ತಾ ಅದಕ್ಕೆ ನೀರು ಹಾಕಿದಳು. ಒಂದು ಉಸಿರು. ನಿಂತು ನೋಡಿದಳು. ಮತ್ತೊಂದು ಉಸಿರು.

"ಇದಕ್ಕೆ ಎರಡು ಸಲಾನಾ ದೊಡ್ಡಮ್ಮ?"

"ಇಲ್ಲಿ ನೋಡು, ಒಂದು ಗೆರೆ ಬಿಟ್ಟಿದೆ. ನಾಲ್ಕು ದಿನದಿಂದ ನೋಡ್ತಿದೀನಿ. ಗಾಳಿ ನೇರ ಇಲ್ಲಿಗೇ ಹೊಡೆಯುತ್ತೆ, ಒಣಗ್ತಾ ಇದೆ ಪಾಪ. ಒಂಚೂರು ಜಾಸ್ತಿ ಕೊಟ್ರೆ ಕೂಡ್ಕೊಳುತ್ತೆ."

ಗೆರೆ ಕೂದಲಿನಷ್ಟಿತ್ತು. ಮಡಿಕೆಯ ಒಳಗೆ, ಬಗ್ಗಿ ನೋಡಿದರೆ ಮಾತ್ರ ಕಾಣುತ್ತಿತ್ತು. ಅದನ್ನು ಕಂಡ ಅವಳ ಕಣ್ಣನ್ನು ನಾನು ಆಗ ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಹತ್ತು ಗಂಟೆಗೆ ಜನ ಒಳಗೆ ಬಂದರು. ದೊಡ್ಡಮ್ಮ ಎರಡನೆಯ ಸುತ್ತು ನೀರು ಹಾಕಲು ಬಸ್ಸಿನ ಕಡೆ ಹೋದಳು. ನಾನು ಬಾಲ್ಕನಿಯ ಎದುರಿನ ಹಲಗೆಯ ಮೇಲೆ ನಿಂತಿದ್ದೆ. ನನ್ನ ಪಕ್ಕಕ್ಕೆ ಒಬ್ಬ ತಾತ ಮಗಳ ಜೊತೆ ಬಂದು ನಿಂತರು. ಅವರಿಗೆ ಎಂಬತ್ತು ದಾಟಿರಬೇಕು. ಒಂದು ಕೈಯಲ್ಲಿ ಊರುಗೋಲು, ಆ ಕೈ ಸದಾ ನಡುಗುತ್ತಿತ್ತು. ಅವರಿಗೆ ಖುಷಿಯೋ ಖುಷಿ. "ನೋಡಮ್ಮ, ಕಾಲುಚೀಲದಲ್ಲಿ ತೂತು ಕೂಡ ಬಿಟ್ಟಿದಾರೆ," ಎಂದು ಹಗ್ಗದ ಬೇಲಿಯ ಮೇಲಿಂದ ಕೋಲು ಚಾಚಿ ತೋರಿಸಿದರು.

ಆಗಲೇ ಬೆಡ್‌ಶೀಟು ಬಿತ್ತು. ದೊಡ್ಡ ಶಬ್ದವೇನೂ ಆಗಲಿಲ್ಲ. ಗೋಡೆ ಬಿಟ್ಟು ನಿಂತಿದ್ದ ಕೆಳಗಿನ ಅರ್ಧ ಮೆಲ್ಲಗೆ ಬಾಗಿ, ಬಾಲ್ಕನಿಯ ಅಂಚಿಗೆ ಬಡಿದು, ಮೂರು ನಾಲ್ಕು ಹೆಂಟೆಗಳಾಗಿ ಕೆಳಗೆ ಬಂತು.

"ಕೋಲು ತಗುಲ್ತು, ನಾನು ನೋಡ್ದೆ," ಎಂದರು ಹಿಂದಿನಿಂದ ಯಾರೋ.

"ಎಲ್ಲಿ ತಗುಲ್ತು? ಒಂದು ಮಾರು ದೂರ ಇತ್ತು."

"ಮಾರು ಅಂದ್ರೆ ನಿಮ್ಮ ಮಾರೋ ನನ್ನ ಮಾರೋ?"

ವಾಚ್‌ಮನ್ ಓಡಿ ಬಂದ. "ಏನು ತಾತ, ಮುಟ್ಟಬೇಡಿ ಅಂತ ಅಷ್ಟು ದಪ್ಪಕ್ಷರದಲ್ಲಿ ಬರ್ದಿದೀವಲ್ಲ."

"ತೋರಿಸ್ತಾ ಇದ್ದೆ ಅಷ್ಟೇ ಕಣಪ್ಪ," ಎಂದರು ತಾತ. ಆಮೇಲೆ ತಮ್ಮ ಕೈಯನ್ನೇ ನೋಡಿಕೊಂಡರು. "ತಗುಲಿದ್ರೂ ತಗುಲಿರಬಹುದು. ಈ ಕೈ ಏನು ಮಾಡುತ್ತೋ ನನಗೇ ಗೊತ್ತಾಗಲ್ಲ."

ಮಗಳ ಮುಖ ಕೆಂಪಾಗಿತ್ತು. "ಇದಕ್ಕೇ ಅಪ್ಪ ನಾನು ಬೇಡ ಬೇಡ ಅಂದಿದ್ದು. ಮನೇಲಿ ಆರಾಮಾಗಿ ಕೂತಿರಿ ಅಂದ್ರೆ ಕೇಳಲ್ಲ. ಇನ್ಮೇಲೆ ಎಲ್ಲಿಗೂ ಬೇಡ."

"ಆಯ್ತಮ್ಮ," ಎಂದರು ತಾತ. ಅಷ್ಟು ಬೇಗ ಒಪ್ಪಿಕೊಂಡದ್ದು ಕೇಳಿ ನನಗೆ ಏನೋ ಆಯಿತು. ಕೋಲು ತಗುಲಿರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಅದನ್ನು ಹೇಳಬೇಕೆಂದು ಬಾಯಿ ತೆರೆದೆ, ಅಷ್ಟು ಜನರ ಮುಂದೆ ಮಾತು ಹೊರಡಲಿಲ್ಲ.

ಅಷ್ಟರಲ್ಲಿ ದೊಡ್ಡಮ್ಮ ಬಂದಳು. ಯಾರನ್ನೂ ಏನೂ ಕೇಳಲಿಲ್ಲ. ಬೇಲಿಯ ಹಗ್ಗ ಎತ್ತಿ ಒಳಗೆ ಹೋಗಿ, ನೋಯುವ ಮಂಡಿಯನ್ನು ಕೈಯಿಂದ ಒತ್ತಿ ಹಿಡಿದು ಕೂತಳು. ಬಿದ್ದ ಹೆಂಟೆಗಳಲ್ಲಿ ಒಂದನ್ನು ತೆಗೆದುಕೊಂಡು ಎರಡು ಹೋಳು ಮಾಡಿದಳು. ಹೊರಗಿನ ಸಿಪ್ಪೆ ಬೆಳ್ಳಗೆ ಒಣಗಿತ್ತು. ಒಳಗೆ ಕಪ್ಪು. ಬೆರಳಲ್ಲಿ ಹಿಚುಕಿದಾಗ ನೀರು ಜಿನುಗಿತು. ಅವಳು ಅದನ್ನು ನೋಡುತ್ತಾ ಕೂತೇ ಇದ್ದಳು. ಅವಳಿಗೆ ಅರ್ಥವಾಗಿದೆ ಎಂದು ನನಗೆ ಅರ್ಥವಾಯಿತು. ಎರಡೆರಡು ಉಸಿರು ನೀರು ಹಾಕಿದ್ದು ಗೊತ್ತಿದ್ದದ್ದು ಅವಳಿಗೆ, ಮತ್ತೆ ನನಗೆ ಮಾತ್ರ.

ದೊಡ್ಡಮ್ಮ ಎದ್ದು ನಿಂತಳು. "ತಾತಂದಲ್ಲ ತಪ್ಪು. ನಾನು ಹಾಕಿದ ನೀರಿಂದ ಬಿದ್ದಿದ್ದು."

ವಾಚ್‌ಮನ್ ಅವಳ ಹತ್ತಿರಕ್ಕೆ ಬಂದು ದನಿ ತಗ್ಗಿಸಿದ. "ಅಕ್ಕ, ಸುಮ್ನಿರಿ. ಇವತ್ತು ಯಾವ ದಿನ ಅಂತ ಗೊತ್ತಲ್ವಾ? ಸಾಯಂಕಾಲ ಇಬ್ಬರ ಹೆಸರು ಹೇಳ್ತಾರೆ."

"ಗೊತ್ತು ಕಣೋ," ಎಂದಳು ದೊಡ್ಡಮ್ಮ. "ಹೋಗಿ ಮೇಸ್ತ್ರಮ್ಮನ್ನ ಕರಿ."

ಮೇಸ್ತ್ರಮ್ಮ ಬಂದರು. ದೊಡ್ಡಮ್ಮ ಹೋಳುಗಳನ್ನು ಅವರ ಅಂಗೈಗೆ ಇಟ್ಟಳು. ಮೇಸ್ತ್ರಮ್ಮ ಹಿಚುಕಿ ನೋಡಿದರು, ಮೂಸಿ ನೋಡಿದರು.

"ದಿನಕ್ಕೆ ಎಷ್ಟು ಸಲ ಹಾಕಿದ್ರಿ?"

"ಮೂರರ ಜಾಗದಲ್ಲಿ ಆರು. ನಿನ್ನೆ ಏಳು."

"ಯಾಕೆ ಅಕ್ಕ?"

"ಗೆರೆ ಬಿಟ್ಟಿತ್ತು. ಬಟ್ಟೇಲಿ ಸುಕ್ಕು ಹೋಗದಿದ್ರೆ ನೀರು ಹಾಕ್ತೀವಲ್ಲ, ಅದೇ ಕೈ. ಹಾಕ್ಬಿಟ್ಟೆ."

ಮೇಸ್ತ್ರಮ್ಮ ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ವಾಸಿಯಿತ್ತು ಎಂದು ದೊಡ್ಡಮ್ಮ ಆಮೇಲೆ ಹೇಳಿದಳು. "ಬಟ್ಟೆ ನೀರು ಕುಡಿದು ಆವಿ ಬಿಡುತ್ತೆ ಅಕ್ಕ. ಇದಕ್ಕೆ ಮೇಲೆ ಅಂಟಿನ ಸಿಪ್ಪೆ ಇದೆ. ಗೆರೆಯಿಂದ ಒಳಗೆ ಹೋದ ನೀರಿಗೆ ಹೊರಗೆ ಬರೋಕೆ ದಾರಿ ಇಲ್ಲ. ಒಳಗೇ ಕೂತು ಭಾರ ಆಗುತ್ತೆ. ಗೆರೆ ಕಂಡ ದಿನಾನೇ ನನಗೆ ಹೇಳಿದ್ರೆ ಒಂದು ಬೆರಳು ಅಂಟು ಸವರಿ ಮುಗಿಸ್ತಿದ್ದೆ."

"ನಾನೇ ಸರಿ ಮಾಡ್ತೀನಿ ಅಂದ್ಕೊಂಡೆ."

ಮೇಸ್ತ್ರಮ್ಮ ತಾತನ ಕಡೆ ತಿರುಗಿ, "ನಿಮ್ಮಿಂದ ಏನೂ ಆಗಿಲ್ಲ, ಬೇಜಾರು ಮಾಡ್ಕೋಬೇಡಿ," ಎಂದರು. ಕೋಲು ತಗುಲಿದ್ದನ್ನು ಕಣ್ಣಾರೆ ಕಂಡಿದ್ದವರು ಅಲ್ಲಿಂದ ಆಗಲೇ ಹೊರಟುಹೋಗಿದ್ದರು. ಮಗಳು ಅಪ್ಪನ ಅಂಗಿಯ ಕಾಲರು ಸರಿ ಮಾಡಿದಳು. ತಾತ ಮಾತ್ರ ದೊಡ್ಡಮ್ಮನ ಹತ್ತಿರ ಬಂದು, "ನಿಜವಾಗ್ಲೂ ನನ್ನ ಕೈ ಅಲ್ವೇನಮ್ಮ?" ಎಂದು ಕೇಳಿದರು.

"ಅಲ್ಲ ತಾತ. ನನ್ನ ಕೈ."

ತಾತ ಕೋಲು ನೆಲಕ್ಕೆ ಊರಿ ನೆಟ್ಟಗೆ ನಿಂತರು. "ಹಾಗಾದ್ರೆ ನಾವಿನ್ನೂ ಬಸ್ಸು ನೋಡಿಲ್ಲ," ಎಂದು ಮಗಳಿಗೆ ಹೇಳಿದರು. ಅವರಿಬ್ಬರೂ ಬಸ್ಸಿನ ಕಡೆ ಹೋದರು. ಆಕಳಿಸುವವನ ಎದುರಿಗೆ ಅವರು ತುಂಬಾ ಹೊತ್ತು ನಿಂತಿದ್ದರು. ಮಗಳು ನಗುತ್ತಿದ್ದಳು.

ಮುರಿದ ಜಾಗಕ್ಕೆ ಮತ್ತೆ ಮರಳು ಮೆತ್ತುವಂತಿಲ್ಲ. ಈ ಕೆಲಸದಲ್ಲಿ ಕಡಿಯುವುದಕ್ಕೆ ಮಾತ್ರ ಬರುತ್ತದೆ, ಸೇರಿಸುವುದಕ್ಕೆ ಬರುವುದಿಲ್ಲ. ಮೇಸ್ತ್ರಮ್ಮ ಒಂದು ಗಂಟೆ ಕೂತು ಚೂಪಾದ ಅಂಚುಗಳನ್ನು ಸವರಿ ಸಮ ಮಾಡಿದರು. ಹಗ್ಗದ ಮೇಲೆ ಬೆಡ್‌ಶೀಟಿನ ಮೇಲ್ಭಾಗ, ಅದನ್ನು ಹಿಡಿದ ಕ್ಲಿಪ್ಪುಗಳು ಉಳಿದವು. ಅಷ್ಟು ಹೊತ್ತೂ ದೊಡ್ಡಮ್ಮ ಅವರ ಪಕ್ಕದಲ್ಲಿ ಬ್ರಶ್ಶು ಹಿಡಿದು ನಿಂತಿದ್ದಳು. ಗೆರೆ ಎಲ್ಲಿಂದ ಶುರುವಾಗುತ್ತದೆ, ಒಳಗೆ ಒದ್ದೆಯಿದೆ ಎಂದು ಹೊರಗಿನಿಂದ ತಿಳಿಯುವುದು ಹೇಗೆ ಎಂದು ದೊಡ್ಡಮ್ಮ ಕೇಳಿದಳು. ಬೆರಳ ಗೆಣ್ಣಿನಿಂದ ತಟ್ಟಿ ತೋರಿಸಿ, ಒಣಗಿದ್ದರೆ ಬರುವ ಸದ್ದು ಬೇರೆ, ಒದ್ದೆಯಿದ್ದರೆ ಬರುವ ಸದ್ದು ಬೇರೆ ಎಂದರು ಮೇಸ್ತ್ರಮ್ಮ. ದೊಡ್ಡಮ್ಮ ಕ್ಷೌರಿಕನ ಕುರ್ಚಿ, ಬೆಂಚು, ಬಸ್ಸಿನ ಚಕ್ರ ಎಲ್ಲವನ್ನೂ ತಟ್ಟಿ ನೋಡಿಕೊಂಡು ಬಂದಳು.

ಸಂಜೆ ಬಾಗಿಲು ಹಾಕುವ ಮೊದಲು ಮೇಸ್ತ್ರಮ್ಮ ಎಲ್ಲರನ್ನೂ ಸೇರಿಸಿ ಇಬ್ಬರ ಹೆಸರು ಹೇಳಿದರು. ಒಬ್ಬ ದಿಮ್ಮಿ ಬಡಿಯುವವನು, ಇನ್ನೊಬ್ಬಳು ಪೆಟ್ಟಿಗೆ ಕಟ್ಟುವವಳು. ಆಮೇಲೆ ದೊಡ್ಡಮ್ಮನ ಹತ್ತಿರ ಬಂದರು.

"ನಿಮ್ಮ ಹೆಸರು ಬರೆದಿಟ್ಟಿದ್ದೆ ಅಕ್ಕ. ಮಧ್ಯಾಹ್ನ ಹೊಡೆದು ಹಾಕಿದೆ. ನೀರು ಹೆಚ್ಚಾಗಿದ್ದಕ್ಕಲ್ಲ. ಗೆರೆ ಕಂಡು ನಾಲ್ಕು ದಿನ ನನಗೆ ಹೇಳದೆ ಇದ್ದಿದ್ದಕ್ಕೆ."

"ಸರಿ," ಎಂದಳು ದೊಡ್ಡಮ್ಮ.

"ಬೇಜಾರಾಯ್ತಾ?"

"ಆಯ್ತು. ಆದ್ರೆ ನಾನಾಗಿದ್ರೂ ಹೊಡೆದೇ ಹಾಕ್ತಿದ್ದೆ." ತಲೆಯ ಬಟ್ಟೆ ಬಿಚ್ಚುತ್ತಾ, "ನಾಳೆ ಬೆಳಿಗ್ಗೆ ನೀರಿಗೆ ಯಾರು ಬರ್ತಾರೆ?" ಎಂದು ಕೇಳಿದಳು.

"ನೀವಲ್ದೆ ಇನ್ಯಾರು ಬರ್ತಾರೆ?" ಎಂದರು ಮೇಸ್ತ್ರಮ್ಮ.

ಮನೆಗೆ ಹೋಗುವಾಗ ಬಸ್ಸಿನಲ್ಲಿ ದೊಡ್ಡಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಇಳಿಯುವ ಹೊತ್ತಿಗೆ ಮುಖ ಒರೆಸಿಕೊಂಡಳು. ದೊಡ್ಡಪ್ಪನಿಗೆ ಬಾಗಿಲಲ್ಲೇ, ಚಪ್ಪಲಿ ಬಿಡುವ ಮುಂಚೆಯೇ, ಬೆಡ್‌ಶೀಟು ಬಿದ್ದದ್ದನ್ನೂ ಹೆಸರು ಹೊಡೆದು ಹಾಕಿದ್ದನ್ನೂ ಹೇಳಿ ಮುಗಿಸಿದಳು. ದೊಡ್ಡಪ್ಪ ಅವತ್ತು ಒಂದೂ ತಮಾಷೆ ಮಾಡಲಿಲ್ಲ. ಎರಡು ತಟ್ಟೆ ತಾವೇ ತೊಳೆದಿಟ್ಟರು.

ಪ್ರದರ್ಶನ ಇನ್ನೂ ಹನ್ನೊಂದು ದಿನ ಇತ್ತು. ನಾನು ಅಷ್ಟೂ ದಿನ ದೊಡ್ಡಮ್ಮನ ಜೊತೆ ಹೋದೆ. ಅವಳು ಪ್ರತಿಯೊಂದನ್ನೂ ತಟ್ಟಿ ಕೇಳಿಸಿಕೊಂಡ ಮೇಲೆಯೇ ನೀರು ಹಾಕುತ್ತಿದ್ದಳು. ಎರಡು ಕಡೆ ಗೆರೆ ಕಂಡಿತು. ಎರಡು ಸಲವೂ ಪಂಪನ್ನು ನೆಲಕ್ಕಿಟ್ಟು ನೇರವಾಗಿ ಮೇಸ್ತ್ರಮ್ಮನ ಬಳಿಗೆ ಹೋದಳು. ಬೇರೇನೂ ಬೀಳಲಿಲ್ಲ.

ಅರ್ಧ ಬೆಡ್‌ಶೀಟಿನ ಮುಂದೆ ಬಂದವರೆಲ್ಲ, ಇದಕ್ಕೇನಾಯಿತು ಎಂದು ಕೇಳುತ್ತಿದ್ದರು. ಗಾಳಿಗೆ ಬಿತ್ತು ಅಂತ ಹೇಳಿದ್ರೆ ಸಾಕು ಎಂದು ವಾಚ್‌ಮನ್ ಹೇಳಿಕೊಟ್ಟಿದ್ದ. ದೊಡ್ಡಮ್ಮ ಹತ್ತಿರದಲ್ಲಿದ್ದರೆ ಹಾಗೆ ಹೇಳಲು ಬಿಡುತ್ತಿರಲಿಲ್ಲ. ಕೇಳಿದವರಿಗೆಲ್ಲ ಅವಳು, "ನಾನು ನೀರು ಜಾಸ್ತಿ ಹಾಕಿದ್ದಕ್ಕೆ ಬಿತ್ತು," ಎಂದೇ ಹೇಳುತ್ತಿದ್ದಳು. ಕೆಲವರು ಅಯ್ಯೋ ಎನ್ನುತ್ತಿದ್ದರು, ಕೆಲವರು ಅವಳನ್ನೇ ದುರುಗುಟ್ಟಿ ನೋಡಿ ಮುಂದೆ ಹೋಗುತ್ತಿದ್ದರು. ಇದನ್ನು ದಿನಕ್ಕೆ ನಲವತ್ತು ಸಲ ಹೇಳುವುದು ಸುಲಭವಲ್ಲ. ನನ್ನಿಂದ ಒಂದು ಸಲವೂ ಆಗುತ್ತಿರಲಿಲ್ಲ.

ಕೊನೆಯ ದಿನ ಐದಾರು ವರ್ಷದ ಒಬ್ಬ ಹುಡುಗಿ ಅಮ್ಮನ ಕೈ ಬಿಡಿಸಿಕೊಂಡು ಬಂದು ಅದನ್ನೇ ಕೇಳಿದಳು. ದೊಡ್ಡಮ್ಮ ಅದನ್ನೇ ಹೇಳಿದಳು. ಹುಡುಗಿಗೆ ಅಷ್ಟು ಸಾಕಾಗಲಿಲ್ಲ.

"ಯಾಕೆ ಜಾಸ್ತಿ ಹಾಕಿದ್ರಿ?"

ಅಷ್ಟು ದಿನದಲ್ಲಿ ನೋಡಲು ಬಂದವರಲ್ಲಿ ಅದನ್ನು ಕೇಳಿದವಳು ಇವಳೇ ಮೊದಲು. ದೊಡ್ಡಮ್ಮ ಪಂಪಿನ ಪಟ್ಟಿಯನ್ನು ಹೆಗಲ ಮೇಲೆ ಸರಿ ಮಾಡಿಕೊಂಡು, ಹಗ್ಗದ ಮೇಲೆ ಉಳಿದಿದ್ದ ಮಡಿಕೆಗಳನ್ನು ಒಮ್ಮೆ ನೋಡಿದಳು.

"ಅಷ್ಟು ಚೆನ್ನಾಗಿತ್ತು ಕಣಮ್ಮ, ಅದಕ್ಕೆ," ಎಂದಳು.